ನನ್ನ ಲ್ಯಾಪ್‌ಟಾಪ್ ಎಷ್ಟು ಭಾರ

ಬೆಳಿಗ್ಗೆ ಲ್ಯಾಪ್‌ಟಾಪಿನ ಗುಂಡಿ ಒತ್ತಿ ಅಡುಗೆಮನೆಗೆ ಹೋಗಿ, ಅಕ್ಕಿ ತೊಳೆದು ಕುಕ್ಕರಿಗಿಟ್ಟು, ಸಾರಿಗೆ ಹುಣಿಸೆಹಣ್ಣು ಕಿವುಚಿ, ಒಗ್ಗರಣೆ ಕೊಟ್ಟು ವಾಪಸು ಬಂದರೆ ಪರದೆಯ ಮೇಲೆ ಆ ಸಣ್ಣ ಉಂಗುರ ಇನ್ನೂ ಸುತ್ತುತ್ತಲೇ ಇರುತ್ತಿತ್ತು. ನಾನು ಅದರ ಎದುರು ಕೂತು ಕಾಫಿ ಕುಡಿಯುತ್ತಿದ್ದೆ. ಕಾಫಿ ಮುಗಿಯುತ್ತಿತ್ತು, ಉಂಗುರ ಮುಗಿಯುತ್ತಿರಲಿಲ್ಲ. ಹೀಗೆ ಒಂದೆರಡು ವರ್ಷ ನಡೆದಿತ್ತು. ಮನುಷ್ಯರು ಇಷ್ಟು ಕಾಯಿಸಿದ್ದರೆ ನಾನು ಯಾವತ್ತೋ ಎದ್ದು ಹೋಗಿರುತ್ತಿದ್ದೆ.

ನನ್ನ ಗಂಡನಿಗೆ ಇದೊಂದು ತಮಾಷೆ. ಅವರು ಸಾಫ್ಟ್‌ವೇರ್ ಎಂಜಿನಿಯರು. ಕಂಪನಿ ಬೆಂಗಳೂರಿನಿಂದ ಟೋಕಿಯೋಗೆ ಕಳಿಸಿದಾಗ ನಾನೂ ಜೊತೆಗೆ ಬಂದೆ. ಅಲ್ಲಿನ ಕೋಟೋ ಎಂಬ ವಾರ್ಡಿನಲ್ಲಿ, ಟೊಯೋಸು ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದ ಎತ್ತರದ ಕಟ್ಟಡವೊಂದರಲ್ಲಿ ನಮ್ಮ ಮನೆ. ಅವರು ಆಫೀಸಿಗೆ ಹೊರಡುವಾಗ ಬೂಟಿನ ಲೇಸು ಕಟ್ಟುತ್ತ ಕೇಳುತ್ತಿದ್ದರು, "ಏನು, ನಿನ್ನ ಎತ್ತಿನಗಾಡಿ ಹೊರಡ್ತಾ?" ಉತ್ತರ ಕೊಡಬೇಕಾದದ್ದು ನಾನಲ್ಲ, ಗಾಡಿ.

ಒಂದು ಭಾನುವಾರ ಸಂಜೆ ಟೀ ಕುಡಿಯುತ್ತ ಅವರು ಫೋನಿನಿಂದ ತಲೆ ಎತ್ತದೆ ಹೇಳಿದರು. "ಶನಿವಾರ ಕೊರಿಯರ್ ಬರ್ತಾನೆ. ಹಳೇ ಲ್ಯಾಪ್‌ಟಾಪ್ ಒಂದು ಬಾಕ್ಸಿಗೆ ಹಾಕಿ ಕೊಟ್ಬಿಟ್ರೆ ಸಾಕು, ಅವರೇ ತಗೊಂಡ್ಹೋಗಿ ರೀಸೈಕಲ್ ಮಾಡ್ತಾರೆ. ಫ್ರೀ."

"ಯಾವ ಹಳೇ ಲ್ಯಾಪ್‌ಟಾಪು?"

"ನಿಂದೇ ಕಣೇ. ಹೊಸದು ಒಂದು ಚೆನ್ನಾಗಿರೋದು ನೋಡಿದೀನಿ. ತೆಳ್ಳಗಿದೆ, ಬೆರಳಲ್ಲಿ ಎತ್ಬಹುದು. ದಿನಾ ಅದರ ಮುಂದೆ ಕೂತು ಹಲ್ಲು ಕಡೀತೀಯಲ್ಲ, ನೋಡೋಕಾಗಲ್ಲ ನಂಗೆ."

ಅವರ ಮನಸ್ಸು ಒಳ್ಳೆಯದೇ. ಅದು ನನಗೆ ಗೊತ್ತಿತ್ತು, ಈಗಲೂ ಗೊತ್ತಿದೆ. ಆದರೂ ನನಗೆ ಉರಿ ಹತ್ತಿತು. ಇದನ್ನು ಇಲ್ಲಿ ಮುಚ್ಚಿಟ್ಟು ಒಳ್ಳೆಯವಳೆನಿಸಿಕೊಳ್ಳುವ ಆಸೆ ನನಗಿಲ್ಲ. ಜಪಾನಿನ ಈ ಮನೆಯ ಬಾಡಿಗೆ ಕರಾರು ಅವರ ಕಂಪನಿಯ ಹೆಸರಿನಲ್ಲಿದೆ. ನನ್ನ ಫೋನು ಅವರ ಹೆಸರಿನಲ್ಲಿದೆ. ನನ್ನ ಪರ್ಸಿನಲ್ಲಿರುವ ವಾಸದ ಪರವಾನಗಿ ಕಾರ್ಡಿನ ಪ್ರಕಾರ ನಾನು ಈ ದೇಶದಲ್ಲಿರುವುದೇ ಅವರ ಡಿಪೆಂಡೆಂಟ್ ಆಗಿ, ಅಂದರೆ ಅವಲಂಬಿತಳಾಗಿ. ನಾನೇ ದುಡಿದು, ನಾನೇ ಅಂಗಡಿಗೆ ಹೋಗಿ, ನಾನೇ ಆರಿಸಿ ತಂದ ವಸ್ತು ಅಂತ ಈ ಮನೆಯಲ್ಲಿ ಇದ್ದದ್ದು ಈ ಲ್ಯಾಪ್‌ಟಾಪ್ ಒಂದೇ. ಅದನ್ನು ಕೊರಿಯರಿನವನ ಕೈಗೆ ಕೊಡುವುದು ನನ್ನನ್ನು ಒಂದು ಮಾತು ಕೇಳದೆ ನಿಶ್ಚಯವಾಗಿಬಿಟ್ಟಿತ್ತು.

ಬರೀ ಮಮಕಾರದ ವಿಷಯವಾಗಿದ್ದರೆ ಎರಡು ದಿನ ಮುಖ ಊದಿಸಿಕೊಂಡು ಸುಮ್ಮನಾಗುತ್ತಿದ್ದೆ. ಅದರೊಳಗೆ ನನ್ನ ಕೆಲಸ ಇತ್ತು. ಬೆಂಗಳೂರಿನ ಒಂದು ಸಣ್ಣ ಪ್ರಕಾಶನಕ್ಕೆ ನಾನು ಡಿಟಿಪಿ ಮಾಡಿಕೊಡುತ್ತೇನೆ. ಅಂದರೆ ಕನ್ನಡ ಪುಸ್ತಕಗಳಿಗೆ ಪುಟ ಕಟ್ಟುವ ಕೆಲಸ. ಅವರ ಹಳೆಯ ಪುಸ್ತಕಗಳೆಲ್ಲ ಟೈಪಾಗಿರುವುದು ಹಿಂದಿನ ಕಾಲದ ಒಂದು ಫಾಂಟಿನಲ್ಲಿ. ಆ ಫಾಂಟಿನ ಸಾಫ್ಟ್‌ವೇರ್ ಮಾಡಿದವರು ಎಂದೋ ಅಂಗಡಿ ಮುಚ್ಚಿದರು. ಅದು ನನ್ನ ಈ ಲ್ಯಾಪ್‌ಟಾಪಿನಲ್ಲಿ ಬಿಟ್ಟರೆ ಬೇರೆಲ್ಲೂ ಕೂರುವುದಿಲ್ಲ. ಒಮ್ಮೆ ಗಂಡನ ಹೊಸ ಯಂತ್ರದಲ್ಲಿ ಒಂದು ಅಡುಗೆ ಪುಸ್ತಕ ತೆರೆದು ನೋಡಿದ್ದೆ. ಹುಳಿಯನ್ನ ಅಂತ ಇರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆಗಳು, ಅಲ್ಪವಿರಾಮಗಳು, ಯಾವ ಭಾಷೆಯದೋ ಟೋಪಿ ಹಾಕಿದ ಅಕ್ಷರಗಳು ಮೆರವಣಿಗೆ ಹೊರಟಿದ್ದವು. ಬದಲಾಯಿಸಿಕೊಡುವ ಉಪಕರಣಗಳೂ ಇವೆ, ಅವು ಒತ್ತಕ್ಷರ ತಿಂದುಹಾಕುತ್ತವೆ. ಅಕ್ಕಿ ಅಕಿ ಆಗುತ್ತದೆ, ಬೆಲ್ಲ ಬೆಲ ಆಗುತ್ತದೆ.

ಇದನ್ನೆಲ್ಲ ಅವರಿಗೆ ಹಿಂದೆಯೇ ಹೇಳಿದ್ದೆ. ಕೇಳಿಸಿಕೊಂಡಿದ್ದರು, ಮರೆತಿದ್ದರು. ಮತ್ತೆ ಹೇಳಲು ಮನಸ್ಸಾಗಲಿಲ್ಲ.

"ಪಿಕಪ್ ಕ್ಯಾನ್ಸಲ್ ಮಾಡ್ಲಾ?" ನನ್ನ ಮುಖ ನೋಡಿ ಅವರೇ ಕೇಳಿದರು.

"ಬೇಡ. ಬರ್ಲಿ ಅವನು. ಶನಿವಾರದೊಳಗೆ ಇದು ಸರಿಯಾಗಿ ಓಡದಿದ್ರೆ ನಾನೇ ಬಾಕ್ಸಿಗೆ ಹಾಕಿ, ನಾನೇ ಟೇಪ್ ಅಂಟಿಸಿ ಕೊಡ್ತೀನಿ."

"ಏ, ಚಾಲೆಂಜಾ?"

"ಹೌದ್ರೀ. ಚಾಲೆಂಜೇ."

ಬಾಯಿಂದ ಬಿದ್ದ ಮೇಲೆ ದುಡುಕಿದೆನೇನೋ ಅನ್ನಿಸಿತು. ಆದರೆ ವಾಪಸು ತೆಗೆದುಕೊಳ್ಳುವ ಜಾತಿಯವಳಲ್ಲ ನಾನು.

ಮರುದಿನವೇ ಪ್ರಕಾಶಕರ ಫೋನು ಬಂತು. ವಯಸ್ಸಾದವರು, ಮೃದು ಮಾತಿನವರು, ಆದರೆ ವ್ಯಾಪಾರದಲ್ಲಿ ಮೃದುವಲ್ಲ. ಅವರ ಒಂದು ದಪ್ಪ ಅಡುಗೆ ಪುಸ್ತಕ ಮರುಮುದ್ರಣಕ್ಕೆ ಬಂದಿತ್ತು. ತಿದ್ದುಪಡಿಗಳೆಲ್ಲ ನನ್ನ ಬಳಿ ಬಂದು ಬಹಳ ದಿನವಾಗಿತ್ತು. ಒಂದು ಪುಟ ತಿರುಗಿಸಿದರೆ ಲ್ಯಾಪ್‌ಟಾಪ್ ನಿಟ್ಟುಸಿರು ಬಿಡುತ್ತಿದ್ದುದರಿಂದ ಕೆಲಸ ಅರ್ಧಕ್ಕೆ ನಿಂತಿತ್ತು.

"ನೋಡಮ್ಮಾ, ಪ್ರೆಸ್ಸಿನೋರು ಈ ವಾರ ಬಿಟ್ರೆ ಆಮೇಲೆ ಕೈಗೆ ಸಿಗಲ್ಲ. ಶನಿವಾರ ಪುಟಗಳು ಬರ್ಲಿಲ್ಲ ಅಂದ್ರೆ ಇಲ್ಲೇ ಯಾರಿಗಾದ್ರೂ ಕೊಟ್ಟು ಎಲ್ಲಾ ಹೊಸದಾಗಿ ಟೈಪ್ ಮಾಡಿಸ್ತೀನಿ. ಮುಂದಿನ ಪುಸ್ತಕಗಳೂ ಅವರ ಹತ್ರಾನೇ ಹೋಗುತ್ತೆ. ಬೇಜಾರು ಮಾಡ್ಕೋಬೇಡ."

"ಬರುತ್ತೆ ಸರ್. ಶನಿವಾರ ಬೆಳಿಗ್ಗೆ ಬರುತ್ತೆ."

ಬೇಜಾರು ಮಾಡಿಕೊಳ್ಳದೆ ಏನು ಮಾಡಲಿ? ಅತ್ತ ಕೊರಿಯರು, ಇತ್ತ ಪ್ರೆಸ್ಸು, ಎರಡೂ ಒಂದೇ ಶನಿವಾರವನ್ನು ಹಿಡಿದುಕೊಂಡು ಕೂತಿದ್ದವು. ಲ್ಯಾಪ್‌ಟಾಪ್ ಹೋದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ನಾನು ಆ ಕಾರ್ಡಿನಲ್ಲಿ ಬರೆದಿರುವಷ್ಟೇ ಆಗಿ ಉಳಿಯುತ್ತೇನೆ.

ಮಂಗಳವಾರ ಲ್ಯಾಪ್‌ಟಾಪನ್ನು ಒಂದು ಟವಲ್ಲಿನಲ್ಲಿ ಸುತ್ತಿ ಸೈಕಲ್ಲಿನ ಬುಟ್ಟಿಯಲ್ಲಿಟ್ಟುಕೊಂಡು ಹತ್ತಿರದ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಯ ರಿಪೇರಿ ಕೌಂಟರಿಗೆ ಹೋದೆ. ನನ್ನ ಜಪಾನೀ ಭಾಷೆಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ವಾರಕ್ಕೊಮ್ಮೆ ವಾರ್ಡಿನ ಸಮುದಾಯ ಭವನದಲ್ಲಿ ನಡೆಯುವ ಪುಕ್ಕಟೆ ತರಗತಿಯಲ್ಲಿ ಕಲಿತದ್ದು ಅರ್ಧ, ಸೂಪರ್ ಮಾರ್ಕೆಟ್ಟಿನಲ್ಲಿ ಕಲಿತದ್ದು ಇನ್ನರ್ಧ. ತರಗತಿಯ ಟೀಚರ್ ಹೆಚ್ಚು ತಿದ್ದುತ್ತಿದ್ದದ್ದು ಒಂದೇ ತಪ್ಪನ್ನು. ಜೀವವಿಲ್ಲದ ವಸ್ತು ಇದೆ ಅನ್ನಬೇಕಾದರೆ 'ಅರಿಮಾಸ್' ಅನ್ನಬೇಕು, ಜೀವ ಇರುವವರು ಇದ್ದಾರೆ ಅನ್ನಬೇಕಾದರೆ 'ಇಮಾಸ್'. ನಮ್ಮಲ್ಲೂ ಕುರ್ಚಿ ಇದೆ, ಅತ್ತೆ ಇದ್ದಾರೆ ಅನ್ನುತ್ತೇವಲ್ಲ, ಹಾಗೆಯೇ. ಆದರೂ ನನ್ನ ಬಾಯಲ್ಲಿ ಕುರ್ಚಿಗಳೆಲ್ಲ ಎದ್ದು ಓಡಾಡುತ್ತಿದ್ದವು, ಟೀಚರ್ ತಾಳ್ಮೆಯಿಂದ ಅವುಗಳನ್ನು ಮತ್ತೆ ಕೂರಿಸುತ್ತಿದ್ದರು.

ಕೌಂಟರಿನ ಹೆಂಗಸು ಲ್ಯಾಪ್‌ಟಾಪ್ ಆನ್ ಮಾಡಿದಳು. ಉಂಗುರ ಸುತ್ತತೊಡಗಿತು. ಅವಳು ಕಾದಳು, ನಾನು ಕಾದೆ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ಸುಮ್ಮನೆ ನಕ್ಕೆವು. ಆಮೇಲೆ ಅವಳು ತಲೆ ಸ್ವಲ್ಪ ವಾಲಿಸಿ ಬಹಳ ಮರುಕದಿಂದ ಅಂದಳು, "ಒಮೊಯ್ ದೆಸು ನೇ."

ಒಮೊಯ್ ಅಂದರೆ ನನಗೆ ಚೆನ್ನಾಗಿ ಗೊತ್ತಿತ್ತು. ಭಾರ. ಅಕ್ಕಿ ಚೀಲ ಕೊಂಡಾಗಲೆಲ್ಲ ಸೂಪರ್ ಮಾರ್ಕೆಟ್ಟಿನ ಹುಡುಗಿ ಇದೇ ಮಾತು ಅನ್ನುತ್ತಾಳೆ, ಭಾರ ಇದೆ, ಎತ್ತುತ್ತೀರಾ ಅಂತ. ಭಾರ ಇದೆಯಲ್ಲಾ ಅಂತ ಇವಳೂ ನನ್ನ ಮೇಲೆ ಕನಿಕರ ಪಡುತ್ತಿದ್ದಾಳೆ ಅಂದುಕೊಂಡೆ. ಮನೆಯಲ್ಲಿ ಒಬ್ಬರು ಬೆರಳಲ್ಲಿ ಎತ್ತುವ ಲ್ಯಾಪ್‌ಟಾಪಿನ ಮಾತಾಡಿದ್ದ ಕೋಪ ಇನ್ನೂ ಆರಿರಲಿಲ್ಲ.

"ಇಲ್ಲ ಇಲ್ಲ, ಏನೂ ಭಾರ ಇಲ್ಲ," ಎಂದು ನನಗೆ ಬಂದ ಜಪಾನಿಯಲ್ಲಿ ಅಂದು, ಅದನ್ನು ಒಂದೇ ಕೈಯಲ್ಲಿ ಎತ್ತಿ ತಲೆಯ ಮಟ್ಟಕ್ಕೆ ಹಿಡಿದು ತೋರಿಸಿದೆ. "ನಾನು ಸೈಕಲ್ಲಿನಲ್ಲಿ ತಂದೆ. ನಾನು ಗಟ್ಟಿ ಇದ್ದೇನೆ."

ಪಾಪ, ಅವಳು ಗಾಬರಿಯಾಗಿ ಎರಡೂ ಕೈ ಚಾಚಿದಳು, ಎಲ್ಲಿ ಬೀಳಿಸುತ್ತೇನೋ ಅಂತ. ಪಕ್ಕದ ಕೌಂಟರಿನವನು ನಗು ತಡೆಯಲಾರದೆ ತಲೆ ತಗ್ಗಿಸಿದ. ಅವಳು ಮಾತ್ರ ನಗಲಿಲ್ಲ. ಲ್ಯಾಪ್‌ಟಾಪನ್ನು ನನ್ನ ಕೈಯಿಂದ ಇಳಿಸಿಕೊಂಡು, ಪರದೆಯ ಮೇಲೆ ಸುತ್ತುತ್ತಿದ್ದ ಉಂಗುರಕ್ಕೆ ಬೆರಳಿಟ್ಟು, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. "ಪಸೊಕೊನ್ ಗ, ಒಮೊಯ್."

ಪಸೊಕೊನ್ ಅಂದರೆ ಕಂಪ್ಯೂಟರ್. ಆಗ ತಿಳಿಯಿತು. ಈ ಊರಿನಲ್ಲಿ ಕಂಪ್ಯೂಟರ್ ನಿಧಾನವಾದರೆ ನಿಧಾನ ಅನ್ನುವುದಿಲ್ಲ. ಭಾರವಾಗಿದೆ ಅನ್ನುತ್ತಾರೆ.

ನನ್ನ ಮುಖ ಬಿಸಿಯಾಯಿತು. ಕ್ಷಮಿಸಿ ಅನ್ನುವ ಅರ್ಥದಲ್ಲಿ ಸುಮಿಮಾಸೆನ್ ಅಂದೆ, ಅವಳೂ ಸುಮಿಮಾಸೆನ್ ಅಂದಳು. ನಂತರ ಅವಳು ಮಾದರಿಯ ನಂಬರು ನೋಡಿ, ಹಲ್ಲಿನ ಸಂದಿಯಿಂದ ಗಾಳಿ ಒಳಗೆಳೆದುಕೊಂಡು, "ಚೊತ್ತೊ…" ಎಂದು ಅಲ್ಲಿಗೇ ನಿಲ್ಲಿಸಿದಳು. ಚೊತ್ತೊ ಅಂದರೆ ಸ್ವಲ್ಪ ಅಂತ ಅರ್ಥ. ಹೀಗೆ ಎಳೆದು ನಿಲ್ಲಿಸಿದರೆ ಸುತರಾಂ ಸಾಧ್ಯವಿಲ್ಲ ಅಂತ ಅರ್ಥ. ಬೆಂಗಳೂರಿನ ಅಂಗಡಿಯವರು 'ನೋಡೋಣ ಬಿಡಿ ಮೇಡಂ' ಅನ್ನುತ್ತಾರಲ್ಲ, ಅದೇ. ಇದರ ರಿಪೇರಿ ತೆಗೆದುಕೊಳ್ಳುವುದಿಲ್ಲ, ಹೊಸದು ಕೊಳ್ಳುವುದು ಒಳ್ಳೆಯದು ಅಂದಳು. ಥ್ಯಾಂಕ್ಸ್ ಅನ್ನುವ ಬದಲು ಅರಿಗಾತೋ ಅಂದು ಟವಲ್ಲು ಸುತ್ತಿಕೊಂಡು ಹೊರಟೆ.

ಕಾಲುವೆಯ ಸೇತುವೆ ಹತ್ತುವಾಗ ಸೈಕಲ್ಲು ತುಳಿಯುತ್ತ ಆ ಮಾತು ತಲೆಯಲ್ಲಿ ತಿರುಗುತ್ತಲೇ ಇತ್ತು. ಇಷ್ಟು ದಿನ ನಾನು ಅದನ್ನು ನಿಧಾನ ಅಂತ ಬೈದಿದ್ದೆ, ಮುದಿಯಾಯಿತು ಅಂದಿದ್ದೆ. ಮುದಿತನಕ್ಕೆ ಮದ್ದಿಲ್ಲ, ನಿಧಾನ ಅನ್ನುವುದು ಅದರ ಸ್ವಭಾವ ಅಂತ ಕೈಬಿಟ್ಟಿದ್ದೆ. ಭಾರ ಅಂದರೆ ಬೇರೆಯೇ ಮಾತು. ಭಾರ ಅಂದಮೇಲೆ ಯಾರೋ ಹೊರಿಸಿರಬೇಕು. ಹೊರಿಸಿದ್ದನ್ನು ಇಳಿಸಬಹುದು.

ಮನೆಗೆ ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿದ ಹಾಗೆ ಕೂತೆ. ಸೀರೆ ಉಟ್ಟಿರಲಿಲ್ಲ, ಆದರೂ ಹಾಗೆಯೇ ಕೂತೆ. ಮೊದಲು ನೋಡಿದ್ದು, ಗುಂಡಿ ಒತ್ತಿದ ತಕ್ಷಣ ಯಾರು ಯಾರು ಏಳುತ್ತಾರೆ ಎಂಬುದನ್ನು. ಸ್ಟಾರ್ಟ್‌ಅಪ್ ಅನ್ನುವ ಪುಟ ತೆರೆದರೆ ಒಂದು ದೊಡ್ಡ ಸಂಸಾರವೇ ಕಾಣಿಸಿತು. ಎಂದೋ ಪ್ರಯೋಗಕ್ಕೆ ಹಾಕಿದ್ದ ವೈರಸ್ ಕಾವಲುಗಾರ, ಅವನ ಜೊತೆಗೆ ಇನ್ನೊಬ್ಬ ಕಾವಲುಗಾರ, ಇಬ್ಬರೂ ಒಬ್ಬರನ್ನೊಬ್ಬರು ಅನುಮಾನದಿಂದ ತಪಾಸಣೆ ಮಾಡಿಕೊಂಡು ಕೂತಿದ್ದರು. ಯಾರ್‍ಯಾರೋ ಕರೆದ ಮೀಟಿಂಗುಗಳಿಗಾಗಿ ಹಾಕಿಕೊಂಡ ಆ್ಯಪುಗಳು. ಗಂಡ ಒಂದು ದಿನ ಅವಸರಕ್ಕೆ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ಮರೆತ ಅವರ ಹಳೆಯ ಚಾಟ್. ಎಲ್ಲಕ್ಕಿಂತ ಮಜವಾದದ್ದು ಪ್ರಿಂಟರಿನ ಸಹಾಯಕ. ಆ ಪ್ರಿಂಟರನ್ನು ನಾವು ಬರುವಾಗ ಬಸವನಗುಡಿಯಲ್ಲಿ ನೆಂಟರ ಮನೆಯ ಅಟ್ಟದ ಮೇಲೆ ಬಿಟ್ಟು ಬಂದಿದ್ದೆವು. ಈ ಪುಣ್ಯಾತ್ಮ ಮಾತ್ರ ದಿನಾ ಬೆಳಿಗ್ಗೆ ಎದ್ದು ಟೋಕಿಯೋದಲ್ಲಿ ಅದನ್ನು ಹುಡುಕುತ್ತಿದ್ದ. ಸಿಗದೆ ಹೋದರೆ ಮತ್ತೆ ಹುಡುಕುತ್ತಿದ್ದ.

ಒಬ್ಬೊಬ್ಬರನ್ನೇ ಮಲಗಿಸಿದೆ. ಬೇಡವಾದವರನ್ನು ಹೊರಗೆ ಹಾಕಿದೆ. ಕಾವಲಿಗೆ ಒಬ್ಬನೇ ಸಾಕು ಅಂದೆ. ನನ್ನ ಫಾಂಟಿನ ಸಾಫ್ಟ್‌ವೇರನ್ನು ಮಾತ್ರ ಕಣ್ಣೆತ್ತಿಯೂ ನೋಡಲಿಲ್ಲ, ಎಲ್ಲಿ ಮುನಿಸಿಕೊಂಡುಬಿಡುತ್ತದೋ ಅಂತ. ಮತ್ತೆ ಆನ್ ಮಾಡಿದಾಗ ಉಂಗುರ ಸುತ್ತಿತು, ಆದರೆ ಸಾರು ಕುದಿಯುವಷ್ಟು ಹೊತ್ತಲ್ಲ.

ಮುಂದಿನದು ಡಿಸ್ಕು. ಒಳಗೆ ಇದ್ದದ್ದು ಹಳೆಯ ಕಾಲದ ಸುತ್ತುವ ಹಾರ್ಡ್ ಡಿಸ್ಕ್. ಅದನ್ನು ತೆಗೆದು, ಸುತ್ತುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿದರೆ ಯಂತ್ರಕ್ಕೆ ಹೊಸ ಕಾಲು ಬಂದ ಹಾಗೆ ಅಂತ ಓದಿದ್ದೆ, ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಹೊಸದಾಗಿ ಎಲ್ಲ ಹಾಕಿಕೊಳ್ಳುವ ಹಾಗಿರಲಿಲ್ಲ. ಹಳೆಯ ಡಿಸ್ಕಿನಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಹೊಸದಕ್ಕೆ ನಕಲು ಮಾಡಬೇಕು, ಇಲ್ಲದಿದ್ದರೆ ಫಾಂಟು ಹೋಗುತ್ತದೆ. ನಾನು ಕೊಳ್ಳಬಹುದಾದ ಎಸ್‌ಎಸ್‌ಡಿ ಚಿಕ್ಕದು, ಹಳೆಯ ಡಿಸ್ಕು ದೊಡ್ಡದು, ಅದೂ ಕಂಠಮಟ್ಟ ತುಂಬಿತ್ತು. ಅಷ್ಟೊಂದು ಏನಿಟ್ಟಿದ್ದೇನೆ ಅಂತ ನನಗೇ ಆಶ್ಚರ್ಯವಾಯಿತು. ಪುಸ್ತಕದ ಪುಟಗಳೆಲ್ಲ ಸೇರಿದರೂ ಒಂದು ಮೂಲೆ ತುಂಬುವುದಿಲ್ಲ.

ತೆರೆದು ನೋಡಿದೆ. ಗಂಡನ ತಂಗಿಯ ಮದುವೆಯ ವಿಡಿಯೊ, ಅದೂ ಎರಡೆರಡು ಸಲ. ಅವರ ಅಣ್ಣನ ಮನೆಯ ಗೃಹಪ್ರವೇಶ. ಗಂಡನ ಕಾಲೇಜು ಗೆಳೆಯರ ಟ್ರೆಕ್ಕಿಂಗು. ಅವರ ಹಳೆಯ ಫೋನುಗಳ ಬ್ಯಾಕಪ್ಪು, ಆ ಬ್ಯಾಕಪ್ಪಿನ ಬ್ಯಾಕಪ್ಪು. ಅವರು ಬಳಸಿ ಬಿಟ್ಟ ಒಂದು ಲ್ಯಾಪ್‌ಟಾಪಿನ ಪೂರ್ತಿ ಹೊಟ್ಟೆ. ಎಲ್ಲವೂ ಒಂದೊಂದು ಸಲ ಒಂದೊಂದು ಮಾತಿನ ಜೊತೆಗೆ ಬಂದು ಕೂತಿದ್ದವು. "ನಿನ್ನ ಲ್ಯಾಪ್‌ಟಾಪಲ್ಲಿ ಜಾಗ ಇದೆಯಲ್ಲ, ಸದ್ಯಕ್ಕೆ ಹಾಕಿರ್ತೀನಿ." ಆ ಸದ್ಯ ಮುಗಿದೇ ಇರಲಿಲ್ಲ.

ನಾನು ಎದ್ದು ಬಾಲ್ಕನಿಗೆ ಹೋಗಿ ಒಣಗಿದ ಬಟ್ಟೆ ಎಳೆದು ತಂದು, ಮಡಿಸಿ, ಮತ್ತೆ ಬಂದು ಕೂತೆ. ಅಷ್ಟು ಸಿಟ್ಟು ಬಂದಿತ್ತು.

ಸಂಜೆ ಅವರು ಬಂದಾಗ ಕಾಫಿ ಕೊಟ್ಟು ಶುರುಮಾಡಿದೆ. "ಇದನ್ನೆಲ್ಲ ನಿಮ್ಮ ಹೊಸ ಲ್ಯಾಪ್‌ಟಾಪಿಗೆ ಹಾಕ್ತಾ ಇದೀನಿ. ಇವತ್ತೇ."

ಅವರು ಬಗ್ಗಿ ನೋಡಿದರು. "ಅಯ್ಯೋ, ಅಲ್ಲೇ ಇರ್ಲಿ ಬಿಡೇ. ಯಾವಾಗ್ಲಾದ್ರೂ ನೋಡ್ಬಹುದು."

"ನೋಡಿ. ನಿಮ್ಮದ್ರಲ್ಲಿ ಇಟ್ಕೊಂಡು ನೋಡಿ."

"ಅಷ್ಟೆಲ್ಲ ಹಾಕಿದ್ರೆ ನನ್ನದು ಸ್ಲೋ ಆಗುತ್ತೆ ಕಣೇ!"

ಅಂದರು. ಅಂದವರು ಹಾಗೇ ನಿಂತರು. ನಾನು ಹೇಳಬೇಕಾದದ್ದನ್ನು ಅವರೇ ಹೇಳಿಬಿಟ್ಟಿದ್ದರು. ಅವರು ಕಾಫಿಯ ಲೋಟ ಕೆಳಗಿಟ್ಟರು, ಮತ್ತೆ ಎತ್ತಿದರು, ಖಾಲಿಯಾಗಿದ್ದ ಲೋಟವನ್ನೇ ಕುಡಿದರು.

"ನಗ್ಬೇಡ," ಅಂದರು ಕೊನೆಗೆ.

"ನಾನೆಲ್ಲಿ ನಗ್ತಿದೀನ್ರೀ?"

ನಿಜವಾಗಿಯೂ ನಗುತ್ತಿರಲಿಲ್ಲ. ನನ್ನ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅಂತ ಎಷ್ಟು ವರ್ಷ ಬಾಯಲ್ಲಿ ಹೇಳಿದ್ದೆ. ಈಗ ಅದು ಪರದೆಯ ಮೇಲೆ ಪುಟಗಟ್ಟಲೆ ಕಾಣುತ್ತಿತ್ತು. ಅವರು ಕೋಟು ಕೂಡ ತೆಗೆಯದೆ ಹೋಗಿ ತಮ್ಮ ಲ್ಯಾಪ್‌ಟಾಪ್ ತಂದು ನನ್ನದರ ಪಕ್ಕದಲ್ಲಿಟ್ಟು ಕೇಬಲ್ ಸಿಕ್ಕಿಸಿದರು. ಎರಡು ಮದುವೆ ವಿಡಿಯೊಗಳಲ್ಲಿ ಒಂದನ್ನು ಅವರೇ ಅಳಿಸಿದರು. ಉಳಿದದ್ದು ದಾಟಿ ಮುಗಿದದ್ದು ಬುಧವಾರ ಮಧ್ಯಾಹ್ನ.

ಗುರುವಾರ ಕಮೆಯ್ದೊ ಅನ್ನುವ ಬಡಾವಣೆಯ ಕಡೆಗೆ ಸೈಕಲ್ಲು ತುಳಿದೆ. ಅಲ್ಲಿ ರೈಲು ಹಳಿಯ ಹತ್ತಿರ ಹಳೆಯ ಎಲೆಕ್ಟ್ರಾನಿಕ್ ಸಾಮಾನು ಮಾರುವ ಅಂಗಡಿಯಿದೆ. ಚಿಕ್ಕ ಎಸ್‌ಎಸ್‌ಡಿ, ನಕಲು ಮಾಡಲು ಬೇಕಾದ ಕೇಬಲ್ ಕೊಂಡೆ. ಬಾಗಿಲ ಬಳಿ ನೀಲಿ ಬುಟ್ಟಿಗಳಲ್ಲಿ ಯಾವ ಭರವಸೆಯೂ ಇಲ್ಲದ ವಸ್ತುಗಳನ್ನು ಗುಡ್ಡೆ ಹಾಕಿದ್ದರು. ಕೆಲಸ ಮಾಡಬಹುದು, ಮಾಡದೆಯೂ ಇರಬಹುದು, ವಾಪಸು ತರಬೇಡಿ ಅಂತ ಬೋರ್ಡು. ಬದನೆಕಾಯಿ ಆರಿಸುವ ಹಾಗೆ ಆರಿಸಿ ನನ್ನ ಮಾದರಿಗೆ ಹೊಂದುವ, ಯಂತ್ರದ ನೆನಪಿನ ಶಕ್ತಿ ಹೆಚ್ಚಿಸುವ ಒಂದು ರ್‍ಯಾಮ್ ಪಟ್ಟಿ ಹೆಕ್ಕಿದೆ. ಕ್ಯಾಶ್ ಕೌಂಟರಿನವನು ಅದನ್ನು ನೋಡಿ, ನನ್ನನ್ನು ನೋಡಿ, ಇದಕ್ಕೆ ಗ್ಯಾರಂಟಿ ಇಲ್ಲ ಅಂದ. ನನಗೂ ಇಲ್ಲ ಅನ್ನೋಣ ಅನ್ನಿಸಿತು, ಅಷ್ಟು ಜಪಾನಿ ಬಾಯಿಗೆ ಬರಲಿಲ್ಲ.

ನಕಲು ಸಂಜೆಯ ಹೊತ್ತಿಗೆ ಮುಗಿಯಿತು. ಶುಕ್ರವಾರ ಬೆಳಿಗ್ಗೆ ಅವರು ಆಫೀಸಿಗೆ ಹೋದ ಮೇಲೆ ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಲ್ಯಾಪ್‌ಟಾಪನ್ನು ಬೋರಲು ಹಾಕಿದೆ. ತಿರುಪುಗಳು ಒಂದೊಂದೂ ಒಂದೊಂದು ಅಳತೆ, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಕಲಸಿದರೆ ಕೆಟ್ಟೆ ಅಂತ, ಒಗ್ಗರಣೆ ಡಬ್ಬಿ ಖಾಲಿ ಮಾಡಿ, ಅದರ ಬಟ್ಟಲುಗಳಲ್ಲಿ ಬೇರೆ ಬೇರೆಯಾಗಿ ಹಾಕಿದೆ. ಉದ್ದನೆಯವು ಜೀರಿಗೆಯ ಬಟ್ಟಲಿಗೆ, ಗಿಡ್ಡನೆಯವು ಸಾಸಿವೆಯದಕ್ಕೆ. ಎಷ್ಟು ಒರೆಸಿದ್ದರೂ ಕೆಲವಕ್ಕೆ ಅರಿಶಿನ ಹತ್ತಿತು, ಈಗಲೂ ಹಾಗೆಯೇ ಇರಬೇಕು.

ಬೆನ್ನಿನ ಹಲಗೆ ತೆಗೆದಾಗ ಫ್ಯಾನಿನ ಮೇಲೆ ದೂಳಿನ ಒಂದು ಕಂಬಳಿ. ಬೆಂಗಳೂರಿನ ಕೆಂಪು ದೂಳು ಕೆಳಗೆ, ಟೋಕಿಯೋದ ಬೂದು ದೂಳು ಮೇಲೆ. ಉಸಿರುಕಟ್ಟಿ ಬಿಸಿಯಾಗುತ್ತಿದ್ದದ್ದು ಇದರಿಂದಲೇ. ಫ್ಯಾನು ಗಿರ್ರನೆ ತಿರುಗದ ಹಾಗೆ ಬೆರಳಿಟ್ಟು ಹಿಡಿದು, ಹಲ್ಲುಜ್ಜುವ ಹೊಸ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ ತೆಗೆದೆ. ಬ್ಯಾಟರಿಯ ತಂತಿ ಬಿಡಿಸಿ, ಹಳೆಯ ಡಿಸ್ಕು ಎಳೆದು, ಎಸ್‌ಎಸ್‌ಡಿ ಕೂರಿಸಿದೆ. ರ್‍ಯಾಮ್ ಪಟ್ಟಿ ಸಿಕ್ಕಿಸಿದೆ. ತಂತಿ ಸೇರಿಸಿ, ಹಲಗೆ ಮುಚ್ಚಿ, ತಿರುಪು ಬಿಗಿದು, ಗುಂಡಿ ಒತ್ತಿದೆ.

ಕಪ್ಪು ಪರದೆ. ಉಂಗುರವೂ ಇಲ್ಲ.

ಮತ್ತೆ ಒತ್ತಿದೆ. ಒಳಗಿನಿಂದ ಕೀಂ, ಕೀಂ ಅಂತ ಒಂದು ಸದ್ದು ಬಂದು ನಿಂತಿತು. ಮೂಲೆಯಲ್ಲಿ ಅವರು ತಂದಿಟ್ಟಿದ್ದ ಖಾಲಿ ರಟ್ಟಿನ ಡಬ್ಬ ಬಾಯಿ ತೆರೆದುಕೊಂಡು ಕೂತಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ. ಅಡುಗೆ ಪುಸ್ತಕಕ್ಕಾಗಿ ಅಲ್ಲ. ನಾಳೆ ಆ ಟೇಪನ್ನು ನಾನೇ ಅಂಟಿಸಬೇಕಲ್ಲ ಅಂತ.

ಅತ್ತು ಮುಗಿದ ಮೇಲೆ ಹಠ ಇನ್ನೂ ಅಲ್ಲೇ ಇತ್ತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಿಂದೊಮ್ಮೆ ಇದೇ ಲ್ಯಾಪ್‌ಟಾಪ್ ಹೀಗೇ ಕೀಂ ಅಂದಾಗ ಅಂಗಡಿಯಾತ ರ್‍ಯಾಮ್ ಹೊರತೆಗೆದು, ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ಸಿಲ್ಲಿನ ಹಿಂಬದಿಯ ರಬ್ಬರಿನಿಂದ ಅದರ ಹಳದಿ ಹಲ್ಲುಗಳನ್ನು ಗಸಗಸ ಉಜ್ಜಿದ್ದು ನೆನಪಾಯಿತು. ಡ್ರಾಯರಿನಲ್ಲಿ ಜಪಾನೀ ತರಗತಿಯ ರಬ್ಬರು ಇತ್ತು, ಅಕ್ಷರ ತಿದ್ದಿ ತಿದ್ದಿ ಅರ್ಧವಾದದ್ದು. ಮತ್ತೆ ತಿರುಪು ಬಿಚ್ಚಿದೆ. ಪಟ್ಟಿ ತೆಗೆದು ಆ ರಬ್ಬರಿನಿಂದ ಚೆನ್ನಾಗಿ ಉಜ್ಜಿ, ಪುಡಿ ಕೊಡವಿ, ಈ ಸಲ ಹೆದರದೆ ಟಕ್ ಅನ್ನುವ ತನಕ ಒತ್ತಿದೆ.

ಗುಂಡಿ ಒತ್ತಿ ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ಹೊರಟೆ. ಬಾಗಿಲು ದಾಟಿರಲಿಲ್ಲ, ಹಿಂದಿನಿಂದ ಅದು ಏಳುವಾಗ ಹೊಡೆಯುವ ಗಂಟೆ ಕೇಳಿಸಿತು. ತಿರುಗಿ ನೋಡಿದರೆ ನನ್ನ ಪುಟ, ನನ್ನ ಫಾಂಟು. ಹುಳಿಯನ್ನದ ಪುಟ ತೆರೆದೆ. ಒತ್ತಕ್ಷರಗಳೆಲ್ಲ ಇದ್ದವು. ಅಕ್ಕಿಯ ಕಾಲಡಿ ಇನ್ನೊಂದು ಕ ಭದ್ರವಾಗಿ ಕೂತಿತ್ತು. ಮಧ್ಯಾಹ್ನದ ಊಟ ಮಾಡಲಿಲ್ಲ. ಪುಟಗಳು ಹೀಗೆ ಸರಸರ ತಿರುಗುವುದನ್ನು ನೋಡಿ ವರ್ಷಗಳಾಗಿದ್ದವು, ಕೂತಲ್ಲಿಂದ ಏಳಲು ಮನಸ್ಸು ಬರಲಿಲ್ಲ.

ಶನಿವಾರ ಬೆಳಿಗ್ಗೆ ಅಷ್ಟೂ ಪುಟಗಳನ್ನು ತಿದ್ದಿ ಮುಗಿಸಿ ಕಳಿಸಿದೆ. ಪ್ರಕಾಶಕರು ಫೋನು ಮಾಡಿದರು. "ಏನಮ್ಮಾ, ಬೆಳಿಗ್ಗೇನೇ ಕಳಿಸಿಬಿಟ್ಟಿದೀಯ? ಹೊಸ ಕಂಪ್ಯೂಟರ್ ತಗೊಂಡ್ಯಾ?"

"ಇಲ್ಲ ಸರ್. ಹಳೇದೇ."

"ಹಾಗಾದ್ರೆ ಆ ಹಬ್ಬದಡುಗೆ ಪುಸ್ತಕಾನೂ ನೀನೇ ಮಾಡು."

ಗಂಡ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ನನ್ನ ಲ್ಯಾಪ್‌ಟಾಪನ್ನು ಆರಿಸಿ, ಮತ್ತೆ ಆನ್ ಮಾಡಿ, ಕೈಗಡಿಯಾರ ನೋಡಿ, ಇನ್ನೊಮ್ಮೆ ಹಾಗೇ ಮಾಡಿದರು. "ಸರಿಯಮ್ಮಾ ತಾಯಿ, ಸೋತೆ. ಪಿಕಪ್ ಕ್ಯಾನ್ಸಲ್ ಮಾಡ್ತೀನಿ."

"ಯಾಕೆ ಮಾಡ್ತೀರಿ? ಬಾಕ್ಸ್ ಖಾಲಿ ಹೋಗೋದು ಬೇಡ."

ನಾನು ಹೋಗಿ ಬಟ್ಟೆಯ ಕಪಾಟಿನ ಮೇಲಿಂದ ಅವರು ಬಳಸಿ ಬಿಟ್ಟ ಲ್ಯಾಪ್‌ಟಾಪ್ ಇಳಿಸಿದೆ. ನನ್ನದಕ್ಕಿಂತ ವಯಸ್ಸಿನಲ್ಲಿ ಬಹಳ ಚಿಕ್ಕದು, ಬೆಳ್ಳಿ ಬಣ್ಣ, ತೆಳ್ಳಗೆ. ಸ್ಲೋ ಆಯಿತು ಅಂತ ಮೇಲಿಟ್ಟು ಹೊಸದು ತಂದಿದ್ದರು.

"ಇದ್ರಲ್ಲಿ ನಿಮ್ಮದೇನಾದ್ರೂ ಇದೆಯಾ?"

"ಇಲ್ಲ. ಎಲ್ಲ ಅಳಿಸಿದೀನಿ. ಆಗ ನಿನ್ನ ಲ್ಯಾಪ್‌ಟಾಪಿಗೆ…" ಅಂದು ನಿಲ್ಲಿಸಿದರು. ಆಮೇಲೆ ಅವರೇ ಅದನ್ನು ಡಬ್ಬದಲ್ಲಿಟ್ಟರು. ಟೇಪನ್ನೂ ಅವರೇ ಅಂಟಿಸಿದರು.

ಕೊರಿಯರಿನವನು ಬಂದಾಗ ಬಾಗಿಲು ತೆರೆದದ್ದು ನಾನು. ಅವನು ಮಂಡಿ ಬಗ್ಗಿಸಿ, ಭಾರದ ವಸ್ತು ಎತ್ತುವವರ ಹಾಗೆ ಸಿದ್ಧವಾಗಿ ಡಬ್ಬಕ್ಕೆ ಕೈ ಹಾಕಿದ. ಅದು ಸುಮ್ಮನೆ ಮೇಲೆ ಬಂತು. ಅವನಿಗೇ ಆಶ್ಚರ್ಯವಾಗಿ ನಕ್ಕ.

"ಕರುಯ್ ದೆಸು ನೇ." ಹಗುರ ಇದೆಯಲ್ಲ.

"ಹೌದು," ಅಂದೆ. ಮಂಗಳವಾರದಿಂದ ತಲೆಯಲ್ಲಿ ತಿರುಗುತ್ತಿದ್ದ ಮಾತು ತಾನಾಗಿ ಹೊರಬಂತು. "ಒಮೊಯ್ ನೊ ವಾ, ಕೊಕೊ ನಿ ಇಮಾಸ್."

ಭಾರದ್ದು ಇಲ್ಲೇ ಇದೆ ಅನ್ನಲು ಹೊರಟಿದ್ದೆ. ಅವನು ಡಬ್ಬ ಹಿಡಿದುಕೊಂಡೇ ನನ್ನ ಭುಜದ ಆಚೆ ಇಣುಕಿ, ಒಳಗೆ ಯಾರಿದ್ದಾರೆ ಅಂತ ನೋಡಿದ. ಆಗ ನನಗೆ ಗೊತ್ತಾಯಿತು, ಅರಿಮಾಸ್ ಅನ್ನಬೇಕಾದ ಕಡೆ ಇಮಾಸ್ ಅಂದಿದ್ದೇನೆ. ಭಾರದವಳು ಇಲ್ಲಿದ್ದಾಳೆ ಅಂದುಬಿಟ್ಟಿದ್ದೇನೆ. ಟೀಚರ್ ಇದ್ದಿದ್ದರೆ ತಿದ್ದುತ್ತಿದ್ದರು.

ನಾನು ತಿದ್ದಲಿಲ್ಲ. ಅವನು ಲಿಫ್ಟಿನೊಳಗೆ ಹೋಗುವ ತನಕ ಬಾಗಿಲಲ್ಲೇ ನಿಂತಿದ್ದೆ.